ಬೇವಿನ ಸಾಲಿನಲ್ಲಿ ಅಪ್ಪನ ಗಾಲ್ಫ್

ಯಾವುದಾದರೂ ಗ್ಯಾರೇಜಿನ ಮುಂದೆ, ಬಿಸಿಲಿಗೆ ಕಾದ ನೆಲದ ಮೇಲೆ ಚೆಲ್ಲಿದ ಸುಟ್ಟ ಇಂಜಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ. ಉಳಿದವರಿಗೆ ಅದು ಲಾರಿಯ ವಾಸನೆ. ನನಗೆ ಭಾನುವಾರದ ಬೆಳಗಿನ ವಾಸನೆ, ಅವ್ವನ ಪಾದಗಳ ವಾಸನೆ. ಬೇರೆಯವರು ಮೂಗು ಮುಚ್ಚಿಕೊಳ್ಳುವಲ್ಲಿ ಉಸಿರೆಳೆದುಕೊಂಡು ನಿಲ್ಲುವಂಥ ಒಂದು ವಾಸನೆ ನಿಮಗೂ ಇದ್ದೀತು. ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಮೇಲೆ, ಒಬ್ಬ ಹತ್ತಿ ವ್ಯಾಪಾರಿ ತನ್ನ ಬೇವಿನ ತೋಪಿನಲ್ಲಿ ಅತಿಥಿಗೃಹ ಕಟ್ಟಿಸಿ, ಎಲ್ಲಿಯೋ ನೋಡಿ ಬಂದ ಮೋಹಕ್ಕೆ ಪಕ್ಕದಲ್ಲೇ ಒಂಬತ್ತು ಕುಳಿಯ ಗಾಲ್ಫ್ ಮೈದಾನವನ್ನೂ ಮಾಡಿಸಿದ್ದ. ಆ ಒಣ ನೆಲದಲ್ಲಿ ಹುಲ್ಲು ಎಲ್ಲಿಂದ ಬರಬೇಕು? ಕುಳಿಯ ಸುತ್ತ ಹಸಿರು ಇರಬೇಕಾದಲ್ಲಿ ಮರಳು ಹರಡಿ, ಗಾಳಿಗೆ ಹಾರದಿರಲೆಂದು ಅದರ ಮೇಲೆ ಸುಟ್ಟ ಎಣ್ಣೆ ಸುರಿದು ತಟ್ಟುತ್ತಿದ್ದರು. ಇಕ್ಕೆಲಗಳಲ್ಲಿ ಬೇವು, ನಡುನಡುವೆ ಹುಣಸೆ, ಹೊಂಗೆ. ಬೇಸಿಗೆಯ ಮೊದಲಲ್ಲಿ ಬೇವು ಹೂಬಿಟ್ಟಾಗ ಆ ಎಣ್ಣೆಯ ಘಾಟಿನೊಳಗೆ ಹೂವಿನ ಕಹಿಗಂಪು ಬೆರೆತು, ಈ ಲೋಕದಲ್ಲಿ ಇನ್ನೆಲ್ಲಿಯೂ ಇಲ್ಲದ ಒಂದು ಗಾಳಿ ಅಲ್ಲಿ ಆಡುತ್ತಿತ್ತು.

ನಾವಿದ್ದದ್ದು ಲಿಂಗಸುಗೂರಿನಲ್ಲಿ ಛಾವಣಿ ಎನ್ನುವ ಹಳೆಯ ದಂಡಿನ ಜಾಗದ ಕಡೆ, ಕಾಲುವೆ ಇಲಾಖೆಯ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ತಣ್ಣನೆಯ ಪರಸಿ ಕಲ್ಲಿನ ನೆಲ, ಗೋಡೆಯ ಮೇಲೆ ಕಣ್ಣು ಮುಚ್ಚಿದ ಬುದ್ಧ, ಅದರ ಪಕ್ಕದಲ್ಲಿ ನೀಲಿ ಕೋಟಿನವರ ಫೋಟೋ. ಮಸ್ಕಿ ಹತ್ತಿರದ ಹಳ್ಳಿಯೊಂದರಲ್ಲಿ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿದ ಅಪ್ಪ ಓದಿ ಎಂಜಿನಿಯರ್ ಆಗಿದ್ದ. ಊರಿನ ಅಧಿಕಾರಿಗಳೆಲ್ಲ ಆ ಅತಿಥಿಗೃಹದ ಕ್ಲಬ್ಬಿಗೆ ಸದಸ್ಯರಾದಂತೆ ಅವನೂ ಆದ. ಸಂಜೆ ಇಸ್ತ್ರಿ ಅಂಗಿ ತೊಟ್ಟು ಹೋಗುತ್ತಿದ್ದ, ಬೇಗನೆ ವಾಪಸಾಗುತ್ತಿದ್ದ. ವಾಲಿಬಾಲ್ ಆಡಲು ಹೋದರೆ, "ಟೀಮ್ ಆಗೇತ್ರೀ ಸಾಹೇಬ್ರ, ನಾಳೆ ಬರ್ರಿ" ಎನ್ನುತ್ತಿದ್ದರು. ಇಸ್ಪೀಟಿನ ಮೇಜಿನ ಬಳಿ ನಿಂತರೆ, "ಕೈ ತುಂಬ್ಯಾವ್ರೀ" ಎನ್ನುತ್ತಿದ್ದರು. ಯಾರೂ ಒಂದು ಬಿರುಸು ಮಾತು ಆಡಿದವರಲ್ಲ. ನಗುನಗುತ್ತಲೇ ಹೇಳುತ್ತಿದ್ದರು. ಬಿರುಸಾಗಿ ಆಡಿದ್ದರೆ ಅಪ್ಪನಿಗೆ ಉತ್ತರ ಕೊಡಲು ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅವನು ಕ್ಲಬ್ಬಿನ ಉಗ್ರಾಣದಿಂದ ತಂದ ಎರಡು ಹಳೆಯ ಗಾಲ್ಫ್ ಕೋಲುಗಳನ್ನು ಒರೆಸುತ್ತ ಕುಳಿತಿದ್ದ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಅದ್ಯಾವ ಆಟರೀ? ಯಾರ ಜೋಡಿ ಆಡ್ತೀರಿ?"

"ಇದಕ್ಕ ಜೋಡಿ ಬೇಕಾಗಿಲ್ಲ," ಎಂದ ಅಪ್ಪ, ತಲೆ ಎತ್ತದೆ. "ಒಬ್ಬಾಂವನ ಆಡಬಹುದು."

ಅವ್ವನ ಕೈ ಹಿಟ್ಟಿನ ಮೇಲೆ ತಡೆಯಿತು. ಆಮೇಲೆ ಮತ್ತೆ ಬಡಿಯತೊಡಗಿದಳು. ಆದರೆ ಮರುವಾರ ನಸುಕಿನಲ್ಲೇ ಎದ್ದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಕಟ್ಟಿಕೊಂಡು, ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿ, ತಾನು ಹಿಂದೆ ಕುಳಿತೇಬಿಟ್ಟಳು. ಅಪ್ಪ ಗಾಡಿಯನ್ನು ಎಂದಿಗಿಂತ ನಿಧಾನವಾಗಿ ಓಡಿಸಿದ.

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಅಪ್ಪ ಹೊಡೆಯುವನು, ಚೆಂಡು ಮರಗಳ ಸಾಲಿನ ನಡುವೆ ಹಾರಿ ದೂರದಲ್ಲಿ ಧೂಳೆಬ್ಬಿಸಿ ಬೀಳುವುದು, ನಾವು ಮೂವರೂ ನೆರಳಿನಿಂದ ನೆರಳಿಗೆ ನಡೆಯುತ್ತ ಅದರ ಹಿಂದೆ ಹೋಗುವುದು. "ಈ ಆಟದಾಗ ಹೊಡಿಯೋದು ಚೂರು, ನಡಿಯೋದ ಭಾಳ," ಎಂದು ಅವ್ವ ನಗುತ್ತಿದ್ದಳು. ಚಪ್ಪಲಿಯ ಗುರುತು ಮೂಡಬಾರದೆಂದು ಬರಿಗಾಲಲ್ಲಿ ಆ ಕಪ್ಪು ಮರಳಿನ ಮೇಲೆ ನಿಂತು ಕುಳಿಯ ಬಾವುಟ ಹಿಡಿಯುವುದು ಅವಳ ಕೆಲಸ. ಅಪ್ಪನ ಚೆಂಡು ಒಳಗೆ ಬಿದ್ದ ಮೇಲೆ ಗೋಣಿತಟ್ಟು ಎಳೆದು ಮರಳನ್ನು ಮತ್ತೆ ಸಮ ಮಾಡುವಳು. ಮಧ್ಯಾಹ್ನ ಬಚ್ಚಲಲ್ಲಿ ಕಡಲೆಹಿಟ್ಟು ಹಚ್ಚಿ ಎಷ್ಟು ತಿಕ್ಕಿದರೂ ಪಾದದ ವಾಸನೆ ಹೋಗುತ್ತಿರಲಿಲ್ಲ. ರಾತ್ರಿ ನಾನು ಅವಳ ಕಾಲ ಬಳಿ ಮಲಗಿದರೆ ಮೈದಾನದಲ್ಲೇ ಮಲಗಿದಂತೆ ಆಗುತ್ತಿತ್ತು.

ಆ ಚಳಿಗಾಲ ಕ್ಲಬ್ಬಿನವರು ಪಂದ್ಯ ಇಟ್ಟರು. ಅಪ್ಪ ಹೆಸರು ಕೊಟ್ಟ. ಆಡುವವರು ಇಬ್ಬಿಬ್ಬರಾಗಿ ಹೊರಡಬೇಕು, ಒಬ್ಬರ ಹೊಡೆತಗಳನ್ನು ಇನ್ನೊಬ್ಬರು ಎಣಿಸಿ ಸಹಿ ಹಾಕಬೇಕು. ಅದು ಪಂದ್ಯದ ನಿಯಮ. ಅಪ್ಪನಿಗೆ ಜೋಡಿಯಾಗಿ ಬಂದದ್ದು ಒಬ್ಬ ಅಂಗಡಿಕಾರರ ಹೆಸರು. ಅಂದು ಬೆಳಿಗ್ಗೆ ಎಲ್ಲ ಜೋಡಿಗಳೂ ಹೊರಟುಹೋದವು, ಅಂಗಡಿಕಾರರು ಬರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಬಂದು ಅಪ್ಪನ ಭುಜದಾಚೆಗೆ ನೋಡುತ್ತ ಹೇಳಿದರು: "ಅವರಿಗೆ ಜ್ವರಾ ಬಂದಾವಂತ್ರೀ. ನಿಮಗ ಜೋಡಿ ಇಲ್ದಂಗ ಆತು."

"ಬ್ಯಾರೆ ಯಾರರ ಬರ್ತಾರೇನ್ರೀ?" ಎಂದ ಅಪ್ಪ. ಹುಣಸೆಯ ನೆರಳಿನಲ್ಲಿ ಚಹಾ ಕುಡಿಯುತ್ತ ಆರೇಳು ಜನ ಕುಳಿತಿದ್ದರು. ಯಾರೂ ಏಳಲಿಲ್ಲ.

"ಒಬ್ರ ಆಡಿದ್ದು ಲೆಕ್ಕಕ್ಕ ಬರಂಗಿಲ್ರೀ," ಎಂದರು ಕಾರ್ಯದರ್ಶಿ.

"ಬರದಿದ್ರ ಬ್ಯಾಡ್ರಿ. ಆಡಾಕಂತ ಬಂದೀನಿ, ಆಡ್ತೀನಿ."

ಆಡಿದ. ನಾನು ನೋಡಿದ ಆಟಗಳಲ್ಲಿ ಅಷ್ಟು ಕೆಟ್ಟ ಆಟ ಇನ್ನೊಂದಿಲ್ಲ. ಚೆಂಡು ಬೇವಿನ ಬೊಡ್ಡೆಗೆ ಬಡಿಯಿತು, ಕುರುಚಲಿನಲ್ಲಿ ಕಳೆಯಿತು; ನಾವು ಮೊಣಕಾಲೂರಿ ಹುಡುಕಿದೆವು. ಕೊನೆಯ ಕುಳಿ ಇದ್ದದ್ದು ಆ ಹುಣಸೆಯ ಮುಂದೆಯೇ. ಅಲ್ಲಿ ಮಾತ್ರ ಅವನು ಬಹಳ ದೂರದಿಂದ ತಟ್ಟಿದ ಚೆಂಡು ಕಪ್ಪು ಮರಳಿನ ಮೇಲೆ ಒಂದೇ ಗೆರೆಯಾಗಿ ಉರುಳಿ, ಅಂಚಿನಲ್ಲಿ ತುಸು ಯೋಚಿಸಿ, ಒಳಗೆ ಬಿತ್ತು. ಕುರ್ಚಿಗಳ ಕಡೆಯಿಂದ ಸದ್ದಿಲ್ಲ. ಅವ್ವ ಬಾವುಟವನ್ನು ನೆಲಕ್ಕಿಟ್ಟು ಚಪ್ಪಾಳೆ ತಟ್ಟಿದಳು. ಬಳೆಗಳ ಸದ್ದೂ ಸೇರಿ ಅದು ಬಯಲಿಗೆಲ್ಲ ಕೇಳಿತು. ಅಪ್ಪ ತಲೆಯ ಟೋಪಿ ತೆಗೆದು, ನಾಟಕದವರಂತೆ, ಅವಳಿಗೊಬ್ಬಳಿಗೇ ಬಾಗಿದ. ಅವನ ಕಣ್ಣು ತುಂಬಿತ್ತು, ಇಬ್ಬರೂ ನಗುತ್ತಿದ್ದರು.

ಹಿಂತಿರುಗುವಾಗ ದಾರಿಯಲ್ಲಿ ಮಿರ್ಚಿ ಕೊಡಿಸಿದ. ಅವ್ವ ಕೈಯ ಎಣ್ಣೆಯನ್ನು ಕಾಗದಕ್ಕೆ ಒರೆಸುತ್ತ, "ಮುಂದಿನ ವಾರ ನನಗೂ ಒಂದು ಕೋಲು ಕೊಡ್ರಿ. ಎಷ್ಟು ದಿನ ಝಂಡಾ ಹಿಡಕೊಂಡು ನಿಂದ್ರಲಿ?" ಎಂದಳು. ಅವ್ವ ಸೀರೆಯ ಸೆರಗನ್ನು ನಡುವಿಗೆ ಬಿಗಿದು ಆಡಲು ಕಲಿತದ್ದು ಹಾಗೆ. ನಾವು ಸಿಂಧನೂರಿಗೆ ವರ್ಗವಾಗುವ ತನಕ ಪ್ರತಿ ಭಾನುವಾರ ಅವರಿಬ್ಬರೂ ಆಡಿದರು, ನಡುನಡುವೆ ನನಗೂ ಕೋಲು ಕೊಟ್ಟು ಕಲಿಸಿದರು. ಅಪ್ಪ ಬೇಕೆಂದೇ ಸೋಲುತ್ತಾನೆಂದು ಅವಳು ಜಗಳ ತೆಗೆಯುತ್ತಿದ್ದಳು. ಆ ಜಗಳ ಕೇಳುತ್ತ ಬೇವಿನ ಸಾಲಿನಲ್ಲಿ ಮುಂದೆ ಮುಂದೆ ಓಡುತ್ತಿದ್ದ ನನಗೆ, ನಮ್ಮ ಜೊತೆ ಬೇರೆ ಯಾರೂ ಇಲ್ಲ ಎಂಬುದೇ ಮರೆತುಹೋಗುತ್ತಿತ್ತು.

ಸಿಂಧನೂರಿನಲ್ಲಿ ಗದ್ದೆಗಳಿದ್ದವು, ಕಾಲುವೆ ಇತ್ತು, ಗಾಲ್ಫ್ ಇರಲಿಲ್ಲ. ಅಪ್ಪ ಇನ್ನೂ ನೌಕರಿಯಲ್ಲಿ ಇರುವಾಗಲೇ, ಜವಳಗೇರಾದ ಕಡೆ ಕಾಲುವೆ ನೋಡಲು ಹೋದವನು ಜೀಪಿನಲ್ಲೇ ಎದೆ ಹಿಡಿದುಕೊಂಡು ತೀರಿಹೋದ. ಅವ್ವ ಬಹಳ ವರ್ಷ ನನ್ನ ಜೊತೆ ಇದ್ದು, ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಛಾವಣಿಯ ಕ್ವಾರ್ಟರ್ಸು ಈಗಿಲ್ಲ; ಆ ಜಾಗದಲ್ಲಿ ಹೊಸ ಕಚೇರಿಯ ಕಾಂಪೌಂಡು ಎದ್ದಿದೆ.

ಇತ್ತೀಚೆಗೆ ಬ್ಯಾಂಕಿನ ಕೆಲಸಕ್ಕೆ ಮಸ್ಕಿಗೆ ಬಂದವಳು ಆ ತೋಪಿನಲ್ಲೇ ಉಳಿದುಕೊಂಡೆ. ಅದೀಗ ರಿಸಾರ್ಟ್. ಬೋರಿನ ನೀರು ಹಾಯಿಸಿ ಎಲ್ಲೆಡೆ ಹುಲ್ಲು ಬೆಳೆಸಿದ್ದಾರೆ. ಬೇವುಗಳು ಮೇಲೆ ಒಂದನ್ನೊಂದು ಮುಟ್ಟಿ ಚಪ್ಪರವಾಗಿವೆ. ಬೆಳಿಗ್ಗೆ ಕೋಲುಗಳನ್ನು ಬಾಡಿಗೆಗೆ ತೆಗೆದುಕೊಂಡು ನಿಂತಾಗ, ಆಡಲು ಹೊರಟಿದ್ದ ಮೂವರು ಕರೆದರು. "ಒಬ್ರ ಯಾಕ ಆಡ್ತೀರಿ ಮೇಡಂ? ಬರ್ರಿ ನಮ್ಮ ಜೋಡಿ." ಸಿಂಧನೂರಿನ ಅಕ್ಕಿ ವ್ಯಾಪಾರಿಗಳು. ಎರಡನೆಯ ಕುಳಿಗೆ ನಡೆಯುವಾಗ ಅವರಲ್ಲಿ ಹಿರಿಯರು ಕೇಳಿದರು, "ನೀವು ಯಾರ ಪೈಕಿ ರೀ?" ನಾನು ಅಪ್ಪನ ಹಳ್ಳಿಯ ಹೆಸರು ಹೇಳಿದೆ, ಕೇರಿ ಎಂದೂ ಹೇಳಿದೆ. ಹೇಳಿ, ಕಾದೆ.

"ಹೌದೇನ್ರಿ?" ಎಂದರು ಅವರು. "ನಿಮ್ಮ ಪಾಳಿ ಬಂತು ನೋಡ್ರಿ, ಹೊಡೀರಿ."

ಅಷ್ಟೇ. ನಾನು ಕೋಲೆತ್ತಿದೆ, ಚೆಂಡು ಸರಿಯಾಗಿ ಕಾಣಲಿಲ್ಲ. ಇಷ್ಟು ಹಗುರವಾದ ಮಾತು, ಇದನ್ನು ಆಡುವುದು ಇಷ್ಟು ಸುಲಭ. ಆ ಹುಣಸೆಯ ಕೆಳಗೆ ಕುಳಿತಿದ್ದವರಲ್ಲಿ ಒಬ್ಬರು ಇದನ್ನು ಆಡಿದ್ದರೆ ಸಾಕಾಗುತ್ತಿತ್ತು.

ಆಮೇಲೆ ಚೆನ್ನಾಗಿಯೇ ಆಡಿದೆ. ಮುಗಿದ ಮೇಲೆ ಅವರು ತಿಂಡಿಗೆ ಕರೆದರು. ನೀವು ಮುಂದೆ ನಡೀರಿ, ಬರ್ತೀನಿ ಎಂದು ಬೆಂಚಿನ ಮೇಲೆ ಕುಳಿತೆ. ಯಾರಿಗಾದರೂ ಹೇಳಬೇಕೆನಿಸಿ ಫೋನು ತೆಗೆದೆ. ಹೆಸರುಗಳು ಬೆರಳಿನ ಕೆಳಗೆ ಸರಿದುಹೋದವು, ಎಲ್ಲ ಒಳ್ಳೆಯವರವೇ. ಯಾರಿಗೆ ಹೇಳಿದರೂ ಮೊದಲು ಈ ಜಾಗ ಯಾವುದು ಎಂದು ವಿವರಿಸಬೇಕಿತ್ತು. ವಿವರಿಸದೆಯೇ ಬಲ್ಲವರು ಯಾರೂ ಉಳಿದಿರಲಿಲ್ಲ. ಫೋನನ್ನು ಚೀಲದೊಳಗೆ ಇಟ್ಟೆ. ಮರಗಳಾಚೆ ಮಸ್ಕಿಯ ಬಸ್ಸು ಸದ್ದು ಮಾಡುತ್ತ ಹೋಯಿತು. ಬಿಸಿಲು ಕಾಲಿನವರೆಗೆ ಬರುವ ತನಕ ಅಲ್ಲಿಯೇ ಕುಳಿತಿದ್ದೆ.