ವಿದ್ಯಾಧೀಶರ ಕಾನಸ

ಇಬ್ರಾಹಿಂಪುರದ ವಿದ್ಯಾಧೀಶರಿಗೆ ಸಂಶಯವೆಂದರೆ ಚಹಾ ಇದ್ದಂತೆ, ಎದ್ದಕೂಡಲೇ ಬೇಕು. ವಿಮಾ ಕಚೇರಿಯ ಈ ಗುಮಾಸ್ತರು ರಜೆಯ ದಿನ ಚಾಕು ಮಾಡುವ ಹೊಸ ಹುಚ್ಚಿಗೆ ಬಿದ್ದ ಮೇಲೆ ಅಂಗಡಿಯವರಿಗೂ ಅದರ ಬಿಸಿ ತಟ್ಟಿತು. ಕಬ್ಬಿಣ ಉಜ್ಜುವ ಕಾನಸ ಕೊಳ್ಳುವಾಗ ಅದರ ಹಲ್ಲುಗಳನ್ನು ಬೆಳಕಿಗೆ ಹಿಡಿದು, ಕಿಸೆಯಿಂದ ಮೊಳೆ ತೆಗೆದು ತಿಕ್ಕಿ ನೋಡಿ, "ಖರೆ ಹೇಳ್ರಿ, ಇದು ಹೊಸಾದೋ, ಯಾರರೆ ತಿಕ್ಕಿ ಬಿಟ್ಟದ್ದೋ?" ಎನ್ನುವರು. ಒರಟು ಹಲ್ಲಿನದನ್ನೂ ನಯ ಹಲ್ಲಿನದನ್ನೂ ಒಂದಕ್ಕೊಂದು ತಾಗದಂತೆ ಹಳೆಯ ಧೋತರದಲ್ಲಿ ಸುತ್ತಿ ಬೀಗ ಹಾಕಿಡುವರು. ಹೆಂಡತಿ ಮೃಣಾಲ ಅವುಗಳಿಂದ ಡಬ್ಬಿಯ ಮುಚ್ಚಳ ಎಬ್ಬಿಸಿಯಾಳೆಂಬ ಭಯ. ಹಿತ್ತಲಲ್ಲಿ ಉಕ್ಕಿನ ಪಟ್ಟಿಯನ್ನು ಹಲಗೆಗೆ ಬಿಗಿದು, ಕಾನಸವನ್ನು ಮುಂದಕ್ಕೆ ಒತ್ತಿ, ಹಿಂದಕ್ಕೆ ತರುವಾಗ ಎತ್ತಿ, ಹಲ್ಲಿಗೆ ಪುಡಿ ಸಿಕ್ಕಿತೇನೋ ಎಂದು ಮತ್ತೆ ಮತ್ತೆ ಬ್ರಷ್ಷಿನಿಂದ ಕೊಡವುವರು. ಇದನ್ನೆಲ್ಲ ಸಹಿಸಿದ ಮೃಣಾಲಳಿಗೆ ಸಿಟ್ಟು ಬಂದದ್ದು, ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವಳು ಬದನೆಕಾಯಿ ಹೆಚ್ಚುವ ಕೈಯನ್ನೇ ದಿನಾಲೂ ದಿಟ್ಟಿಸತೊಡಗಿದಾಗ. "ಇನ್ನ ನನ್ನ ಮ್ಯಾಲೂ ಸಂಶಯ ಏನ್ರಿ?" ಎಂದಳು. ಅವರು ಮತ್ತೆ ಹಿತ್ತಲಿಗೆ ನಡೆದರು. ಕೊನೆಗೊಂದು ರವಿವಾರ ಚಾಕು ತಂದು ಅವಳ ಮುಂದಿಟ್ಟರು. ಅಲಗಿನ ಎಡ ಮಗ್ಗುಲನ್ನು ಮಾತ್ರ ಉಜ್ಜಿ ಇಳಿಜಾರು ಮಾಡಿದ್ದರು, ಬಲ ಮಗ್ಗುಲು ಸಪಾಟು. ಚಿಕ್ಕಂದಿನಲ್ಲಿ ತಾಯಿಯ ಬೈಗುಳಕ್ಕೆ ಅಂಜಿ ರೂಢಿಸಿಕೊಂಡ ಬಲಗೈಯಲ್ಲಿ ಅವಳು ಅದನ್ನು ಹಿಡಿದು ಹೆಚ್ಚಿದರೆ ಚಾಕು ಓರೆಯಾಗಿ ಜಾರಿತು. "ನೋಡ್ರಿ, ಕೆಟ್ಟದ!" ಎಂದಳು. "ಕೈ ಬದಲ ಮಾಡಿ ಹಿಡಿ," ಎಂದರು ವಿದ್ಯಾಧೀಶರು. ಅವಳು ಬೆರಗಾಗಿ ನೋಡಿದಳು. ಬಾಲ್ಯದ ಆ ಸಂಗತಿಯನ್ನು ಗಂಡನಿಗೆ ಎಂದೂ ಹೇಳಿರಲಿಲ್ಲ. "ನೀ ಎಡಚಿ ಇದ್ದೀ ಅಂತ ನನಗ ಭಾಳ ದಿನದಿಂದ ಸಂಶಯ ಇತ್ತು."