ಗೂಟದ ಮೇಲಿನ ಒರೆ

ಪಿಸ್ತೂಲಿಗೆ ಬೇಕಾದದ್ದೆಲ್ಲ ನನ್ನ ಹತ್ತಿರ ಇದೆ, ಪಿಸ್ತೂಲೊಂದನ್ನು ಬಿಟ್ಟು. ಹಳೆಯ ಮಿಲಿಟರಿ ಪಿಸ್ತೂಲುಗಳ ಚರ್ಮದ ಒರೆ, ಕೊರಳಿಗೆ ಹಾಕಿಕೊಳ್ಳುವ ಹೆಣೆದ ಹುರಿ, ನಳಿಗೆ ಉಜ್ಜುವ ಸಳಿ, ಹೆಬ್ಬೆರಳಿನಷ್ಟು ಎಣ್ಣೆ ಡಬ್ಬಿ. ಮೊರಬದ ನಮ್ಮ ಮನೆಯ ಕಪಾಟಿನಲ್ಲಿ ಇವೆಲ್ಲ ಯಜಮಾನ ಸತ್ತ ಮನೆಯ ಆಳುಗಳ ಹಾಗೆ ಕೂತಿವೆ. ಪಿಸ್ತೂಲಿಗೆ ಲೈಸೆನ್ಸ್ ಬೇಕು, ಚೀಲಕ್ಕೆ ಬೇಡ. ಸರಕಾರ ಬಿಟ್ಟುಕೊಟ್ಟಷ್ಟೇ ನನ್ನ ಶೌರ್ಯ.

"ಕನ್ಯಾ ಕೊಡಾಕ ಬಂದವ್ರಿಗೆ ಏನ್ ತೋರಸ್ಲೋ? ಈ ಖಾಲಿ ಚೀಲಾನ?" ಎಂದು ಅವ್ವ ಕೇಳುತ್ತಾಳೆ.

"ತೋರಸ್ ಬೇ ಯವ್ವಾ. ಹುಡುಗನೂ ಹಿಂಗ ಅದಾನ ಅಂತ ಗೊತ್ತಾಗ್ಲಿ."

ಈ ಸಾಮಾನು ಅಪರೂಪವಾಗಲು ಕಾರಣವಿದೆ. ಪಿಸ್ತೂಲನ್ನು ಜನ ಕಾಯ್ದಿಡುತ್ತಾರೆ. ಅದರ ಸಳಿಯಿಂದ ಪೈಜಾಮಕ್ಕೆ ಲಾಡಿ ಪೋಣಿಸುತ್ತಾರೆ. ನಮ್ಮ ಕಡೆಯ ವೀರಗಲ್ಲುಗಳನ್ನೇ ನೋಡಿ: ಕತ್ತಿ ಇದೆ, ಕುದುರೆ ಇದೆ, ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರೂ ಇದ್ದಾರೆ, ಆ ಕತ್ತಿಯ ರಕ್ತ ಒರೆಸಿದ ಚಿಂದಿ ಮಾತ್ರ ಯಾವ ಕಲ್ಲಿನಲ್ಲೂ ಇಲ್ಲ. ಆ ಚಿಂದಿಯ ಬೆನ್ನು ಹತ್ತಿದವನು ನಾನು. ಇಂಥದ್ದು ಹೊರಬರುವುದು ಒಡೆಯ ಹೋದ ಮೇಲೆಯೇ. ಹಾಗಾಗಿ ಹಳೆಯ ಸಿಪಾಯಿ ಯಾರಾದರೂ ಕೆಮ್ಮಿದರೆ ಅವರ ಮಕ್ಕಳಿಗಿಂತ ಮೊದಲು ನಾನು ವಿಚಾರಿಸುತ್ತೇನೆ. ಹದ್ದಿಗೂ ನನಗೂ ಒಂದೇ ವ್ಯತ್ಯಾಸ: ಹದ್ದಿಗೆ ಮಿಮಿಕ್ರಿ ಬರುವುದಿಲ್ಲ.

ನನಗೆ ಬರುತ್ತದೆ. ನವಲಗುಂದದ ಬಸ್ಸಿನ ಕಂಡಕ್ಟರ್, ಮಾಸ್ತರು, ಅಳುವಾಗ ರಾಗ ಎಳೆಯುವ ನಮ್ಮ ಸೋದರತ್ತೆ, ಯಾರನ್ನೂ ಬಿಟ್ಟಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ತಂಬೂರು ಹಳ್ಳಿಯ ಸುಭೇದಾರ ಕಾಕಾನ ದನಿ. ಕಾಕಾ ನನ್ನ ಅಪ್ಪನ ಚಿಕ್ಕಪ್ಪನ ಮಗ, ಸೈನ್ಯದಿಂದ ನಿವೃತ್ತನಾದವನು. ಅವನ ತಂದೆಯ ಕಾಲದ ಮಿಲಿಟರಿ ಪಿಸ್ತೂಲು ಲೈಸೆನ್ಸ್ ಸಮೇತ ಅವನಿಗೆ ಬಂದಿತ್ತು. ಅದರ ಒರೆಯ ಬಗಲಿಗೆ ಸಣ್ಣ ಕಿಸೆ, ಕಿಸೆಯೊಳಗೆ ಹಿತ್ತಾಳೆಯ ಸಳಿ, ಜೋಡಿ ಅಗಲದೆ ಉಳಿದದ್ದು. ಅಂಥದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮಹಾನವಮಿಯ ಖಂಡೆ ಪೂಜೆಯಲ್ಲಿ ಕುಡಗೋಲು, ಕೊಡಲಿಗಳ ಸಾಲಿನಲ್ಲಿ ಪಿಸ್ತೂಲೂ ಇರುತ್ತಿತ್ತು. ಹಿಂದಿನ ದಿನವೇ ಒರೆಗೆ ಎಣ್ಣೆ ಉಣಿಸಿ, ಪೂಜೆಯ ಹೊತ್ತಿಗೆ ಕಾಕಾ ಅಬ್ಬರಿಸುತ್ತಿದ್ದ: "ಹ್ಞಾಂ, ಸುನೋ! ತೊಗಲಿಗೆ ಕುಂಕುಮ ತಾಗಸಬ್ಯಾಡ್ರಲೇ!" ಈ ಒಂದು ಮಾತನ್ನು ತಂಬೂರಿನ ಬಸ್ ಸ್ಟ್ಯಾಂಡಿನಲ್ಲಿ ಹೇಳಿ ನಾನು ಎಷ್ಟು ಚಹಾ ಗಿಟ್ಟಿಸಿದ್ದೇನೋ.

ಆಮೇಲೆ ಕಾಕಾನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಮಲಗಿದಲ್ಲೇ ವರ್ಷಗಳು ಕಳೆದು ಒಂದು ದಿನ ಅವನೂ ಹೋದ.

ದಿನಕರ್ಮಗಳು ಮುಗಿದ ಮೇಲೆ ನಾನು ಮುಖಕ್ಕೆ ತಕ್ಕಷ್ಟು ದುಃಖ ಹಚ್ಚಿಕೊಂಡು ತಂಬೂರಿಗೆ ಹೋದೆ. ಕೇಳುವುದೇ ಬೇಕಾಗಲಿಲ್ಲ. ಕಾಕಿ ಕೋಲಿನಿಂದ ಒರೆಯನ್ನು ಗೂಟದಿಂದ ಇಳಿಸಿ ನನ್ನತ್ತ ನೂಕಿದಳು. "ಒಯ್ಯೋ ತಮ್ಮಾ. ನನಗ ಇದು ಮನ್ಯಾಗ ಬ್ಯಾಡ."

"ಯಾಕ ಕಾಕಿ?"

"ಕಡೀಕ, ನವರಾತ್ರಿ ಘಟ್ಟ ಹಾಕಿದ ಮ್ಯಾಲ, ಎಡಗೈ ಎತ್ತಿ ಎತ್ತಿ ಈ ಗೂಟಾನ ತೋರಸ್ತಿದ್ರು. ಪಿಸ್ತೂಲ ಅದರಾಗ ಇರ್ಲಿಲ್ಲ. ಚುನಾವಣಿ ನೆವಾ ಮಾಡಿ ನಾನ ಠಾಣೇಕ ಕೊಟ್ಟು ಬಂದಿದ್ದೆ. ಅವ್ರಿಗೆ ಹೇಳಿದ್ದಿಲ್ಲ." ಅವಳು ಗೋಡೆ ನೋಡುತ್ತ ಕೇಳಿದಳು, "ಸಾಯಾಕ ಬೇಡಿದ್ರೇನೋ ತಮ್ಮಾ? ನನ್ನ ಕೈಯಾಗ ಇರೂದು ಅಷ್ಟು ಬ್ಯಾಸರ ಆಗಿತ್ತೇನ?"

ಒರೆ ನನ್ನ ಕೈಯಲ್ಲಿತ್ತು. ಅವಳು ಇದನ್ನು ಕೇಳುವಾಗಲೂ ನನ್ನ ಹೆಬ್ಬೆರಳು ಕಿಸೆಯೊಳಗಿನ ಸಳಿಯನ್ನು ತಡವುತ್ತಿತ್ತು. ಬಾಯಿ ಮುಚ್ಚಿಕೊಂಡು ಎದ್ದರೆ ಅದು ನನ್ನದು. ಆದರೆ ನನ್ನ ಬಾಯಿ ಯಾವತ್ತು ಮುಚ್ಚಿಕೊಂಡಿದೆ? ಗಂಟಲು ತಾನಾಗಿ ಕಾಕಾನದ್ದಾಯಿತು.

"ಹ್ಞಾಂ, ಸುನೋ ಶಾಂತಾ! ನವಮಿ ಬಂತು. ಚೀಲಾ ಇಳಸು, ಎಣ್ಣಿ ಹಚ್ಚಬೇಕು. ಎಷ್ಟು ಸಲ ಕೈ ಮಾಡೂದು?"

ಕಾಕಿ ಥಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಆತ್ರಿ" ಎಂದಳು, ನನಗೆ.

ಆಮೇಲೆ ಅವಳು ಒರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. "ಎಣ್ಣಿ! ನನಗ ಹೊಳೀಲೇ ಇಲ್ಲ ನೋಡು. ಇದನ್ನ ಕೊಡಾಂಗಿಲ್ಲ ತಮ್ಮಾ. ನೀ ಚಾ ಕುಡದು ಹೋಗು."

ಓದುಗರೇ, ನಿಮಗಷ್ಟೇ ಹೇಳುತ್ತೇನೆ. ಕಾಕಾ ಹಾಸಿಗೆ ಹಿಡಿದಿದ್ದಾಗ ನಾನೊಮ್ಮೆ ಹೋಗಿ, ನಗಿಸೋಣವೆಂದು, ಅವನ ದನಿಯನ್ನು ಅವನೆದುರೇ ತೆಗೆದಿದ್ದೆ. ಅವನು ನಗಲಿಲ್ಲ. ನನ್ನನ್ನು ನೋಡಿದ, ಗೂಟವನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಅದು ಸುಡು ಬೇಸಿಗೆ. ನವಮಿ ಬಹಳ ದೂರವಿತ್ತು, ಎಣ್ಣೆ ಹಚ್ಚುವ ಮಾತೇ ಇರಲಿಲ್ಲ.

ವರ್ಷದ ಸೂತಕ ಕಳೆದ ಮೇಲೆ ಬಂದ ಮಹಾನವಮಿಗೆ ಕಾಕಿ ನನ್ನನ್ನು ಕರೆಸಿದಳು. ಕುಡಗೋಲುಗಳ ಸಾಲಿನಲ್ಲಿ ಒರೆ ಎಣ್ಣೆ ಉಂಡು ಮಿರುಗುತ್ತಿತ್ತು. "ನೀನ ಪೂಜಿ ಮಾಡು. ಪಿಸ್ತೂಲ ಇಲ್ಲಲ್ಲ, ತೊಗಲಿಗೇ ಹಚ್ಚು" ಎಂದಳು. ಆ ಚರ್ಮದ ಮೇಲೆ ಕುಂಕುಮ ಬಿತ್ತೆಂದರೆ ಇನ್ನು ಯಾವ ಸಂಗ್ರಾಹಕನೂ ಅದನ್ನು ಮೂಸುವುದಿಲ್ಲ. ಆದರೂ ಹಚ್ಚಿದೆ, ಅಗಲವಾಗಿ.

ಒರೆ ತನ್ನ ಪಿಸ್ತೂಲಿನ ಆಕಾರವನ್ನು ಎಷ್ಟೋ ವರ್ಷ ಹಿಡಿದಿಟ್ಟುಕೊಳ್ಳುತ್ತದೆ. ಗುರಿ ಯಾರ ಕಡೆಗಿತ್ತು ಎಂದು ಮಾತ್ರ ಬಾಯಿ ಬಿಡುವುದಿಲ್ಲ. ತಂಬೂರಿನ ಕಡೆ ಹೋದರೆ ನೀವೂ ಕಾಕಿಯ ಮುಂದೆ ಹಾಗೇ ಇರಿ.