ಬಳೆಗಾರ್ತಿ ಮಾಬೂಬಿಯ ತಲೆನೋವು

ಗಜೇಂದ್ರಗಡದ ಮಾಬೂಬಿ ಮೂವತ್ತು ವರ್ಷ ತಲೆಯ ಮೇಲೆ ಬಳೆಬುಟ್ಟಿ ಹೊತ್ತವಳು. ರಾಜೂರ, ಸೂಡಿ, ಅಸೂಟಿ ಎಂದು ಊರೂರು ತಿರುಗುವಳು. ಎಂಥ ಬಿರುಸು ಕೈ ಸಿಕ್ಕರೂ ಹಿಚುಕಿ ಮೆತ್ತಗೆ ಮಾಡಿ, ಒಂದೂ ಒಡೆಯದಂತೆ ಡಜನ್ ಬಳೆ ಏರಿಸುವಳು. ಗಂಡ ಕಾಶೀಂಸಾಬ ಬಸ್ ಸ್ಟ್ಯಾಂಡ್ ಹತ್ತಿರ ಕೊಡೆ, ಬೀಗ ರಿಪೇರಿ ಮಾಡುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅವಳ ದುಡಿಮೆಯಿಂದ.

೨೦೦೬ರಲ್ಲಿ ಅವಳ ಬೆರಳುಗಳಿಗೆ ಜೋಮು ಹಿಡಿಯಿತು. ಸೂಡಿಯ ಮುದುಕವ್ವನ ಮೊಮ್ಮಗಳಿಗೆ ಮದುವೆಯ ಹಸಿರು ಬಳೆ ಇಡಿಸುವಾಗ ನಾಲ್ಕು ಬಳೆ ಒಂದರ ಹಿಂದೊಂದು ಒಡೆದು ಮದುಮಗಳ ಕೈಯಿಂದ ರಕ್ತ ಬಂತು. ನೆರೆದ ಹೆಂಗಸರು ಮುಖ ತಿರುಗಿಸಿದರು. ಬುಟ್ಟಿ ಎತ್ತಿಕೊಂಡು ಬಂದವಳು ಮರುವಾರ ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಗೆ ಹೋದಳು. ಕುತ್ತಿಗೆಯ ಎಲುಬು ಸವೆದು ನರ ಒತ್ತಿದೆ, ಆಪರೇಷನ್ ಆಗಲೇಬೇಕು ಎಂದರು. ಆಯಿತು. ಬೆರಳಿಗೆ ಜೀವ ಬಂತು.

ಆದರೆ ಮೂರನೆಯ ದಿನ ಎಬ್ಬಿಸಿ ಕೂಡಿಸಿದ್ದೇ ತಡ, ತಲೆಯೊಳಗಿನದನ್ನೆಲ್ಲ ಯಾರೋ ಕೆಳಕ್ಕೆ ಜಗ್ಗಿದಂತಾಯಿತು.

"ಕುಂತ್ರ ಬರ್ತದ್ರಿ ಸಾಹೇಬ್ರ, ಮಲಗಿದ್ರ ಹೋಗ್ತದ," ಎಂದಳು.

"ಹಂಗಾದ್ರ ಮಲಕೋ," ಎಂದು ಡಾಕ್ಟರ್ ನಕ್ಕು, ಗುಳಿಗೆ ಬರೆದು ಮುಂದಿನ ಮಂಚಕ್ಕೆ ಹೋದ. ಆ ನಗುವಿಗೆ ಅವಳ ಮೈಯೆಲ್ಲ ಉರಿಯಿತು.

ಮನೆಗೆ ಬಂದ ಮೇಲೆ ಎಲ್ಲಕ್ಕೂ ಹೇಸಿಗೆ. ಕುತ್ತಿಗೆಗೆ ಕಟ್ಟಿದ ಪಟ್ಟಿಗೆ ಹುಳಿನಾತ. ನೋಡಲು ಬಂದವರೆಲ್ಲ ವೈದ್ಯರೇ. ಒಬ್ಬಳು ಹಣೆಗೆ ಲವಂಗ ಅರೆದು ಹಚ್ಚಿದಳು, ಇನ್ನೊಬ್ಬಳು ಕಿವಿಗೆ ಬಳ್ಳೊಳ್ಳಿ ಎಣ್ಣೆ ಬಿಟ್ಟಳು. ತಂಬಾಕು ಜಗಿಯುವ ಮುದುಕನೊಬ್ಬ ಏನೋ ಓದಿ ಮುಖಕ್ಕೆ ಊದಿದಾಗ ಅವಳು ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡಳು. ಸಾವಿರಾರು ಹೆಂಗಸರ ಕೈ ಹಿಡಿದವಳಿಗೆ ಈಗ ಯಾರ ಕೈ ತಾಗಿದರೂ ಮೈ ಮುದುಡುತ್ತಿತ್ತು. ಒಂದು ಮಧ್ಯಾಹ್ನ ಕಾಶೀಂಸಾಬ ಬಾಗಿಲಲ್ಲಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಬುಟ್ಟಿ ಹೊರೂದು ಬ್ಯಾಸರಾಗೇತಿ ಆಕಿಗೆ. ಅದಕ್ಕ ಈ ತಲಿನೋವು." ಆ ರಾತ್ರಿ ಅವನು ತಂದಿಟ್ಟ ಗಂಜಿಯನ್ನು ಅವಳು ಮುಟ್ಟಲಿಲ್ಲ.

ಹೊಲಿಗೆ ಬಿಚ್ಚಿಸಿಕೊಂಡು ಬಂದ ಮೇಲೆ ದಿನಾ ಬೆಳಿಗ್ಗೆ ದಿಂಬು ತೊಯ್ದಿರುತ್ತಿತ್ತು. ಸೊಸೆ ಮೆಹನಾಜ ದವಾಖಾನೆಗೆ ಫೋನ್ ಮಾಡಿದರೆ ಅಲ್ಲಿನ ಕಂಪೌಂಡರ್, "ಬ್ಯಾಸಗಿ ಅಲ್ಲವಾ, ಬೆವರು," ಎಂದು ಇಟ್ಟುಬಿಟ್ಟ.

ಒಂದು ದಿನ ಸೂಡಿಯಿಂದ ಬಸ್ ಹತ್ತಿ ಮುದುಕವ್ವ ಬಂದಳು. ಔಷಧಿ ತಂದಿರಲಿಲ್ಲ, ಉಪದೇಶ ಮಾಡಲಿಲ್ಲ. ಪಟ್ಟಿ ಸರಿಸಿ ಗಾಯವನ್ನೇ ನೋಡುತ್ತ ಕುಳಿತಳು.

"ಬೆವರು ಮೈತುಂಬ ಬರ್ತೈತಿ ಮಾಬೂಬಿ. ಒಂದ ತೂತಿನಾಗಿಂದ ಬರ್ತೈತೇನ? ಬಾವಿ ನೀರಿನ್ಹಂಗ ತಿಳಿ ಐತಿ ಇದು. ಲಗೂನ ದವಾಖಾನಿಗೆ ಹೊಳ್ಳಿ ಹೋಗು."

ಮರುದಿನ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹುಬ್ಬಳ್ಳಿಗೆ ಕರೆದೊಯ್ದರು. ಡಾಕ್ಟರ್ ಅವಳನ್ನು ನೋಡದೆ ಕಾಗದ ನೋಡುತ್ತಲೇ, "ಮತ್ತ ಅದ ತಲಿನೋವೇನ?" ಎಂದ. ಮಾಬೂಬಿ ಪಟ್ಟಿ ಬಿಚ್ಚಿ, ಎರಡೂ ಕೈ ಮೇಜಿಗೆ ಊರಿ ತಲೆ ಬಗ್ಗಿಸಿದಳು. ಕುತ್ತಿಗೆಯಿಂದ ಇಳಿದ ನೀರು ಕಿವಿಯ ಪಕ್ಕದಲ್ಲಿ ಹರಿದು ಅವನ ಕಾಗದದ ಮೇಲೆ ತಟತಟ ಬಿತ್ತು. ಅವನು ಮೂಗು ಮುರಿದು ಕುರ್ಚಿ ಹಿಂದೆ ಸರಿಸಿದ.

"ಯಾಕ ಹೇಸ್ತೀರಿ ಸಾಹೇಬ್ರ? ನೀವ ಕೊಯ್ದ ಜಾಗಾದಾಗಿಂದ ಬಂದದ್ದರಿ ಇದು."

ಡಾಕ್ಟರ್ ಎದ್ದು ಬಂದು ಮೊದಲ ಸಲ ಬಗ್ಗಿ ಗಾಯ ನೋಡಿದ. ಬೆನ್ನುಹುರಿಯ ಸುತ್ತಲಿನ ತೆಳು ಪೊರೆ ಆಪರೇಷನ್‌ನಲ್ಲಿ ಹರಿದಿದೆ, ಮಿದುಳಿಗೆ ಆಸರೆಯಾದ ನೀರು ಅಲ್ಲಿಂದ ಸೋರುತ್ತಿದೆ, ಕುಳಿತಾಗ ನೋಯುವುದು ಅದಕ್ಕೇ, ಹಾಗೇ ಬಿಟ್ಟರೆ ಸೋಂಕು ಮಿದುಳಿಗೆ ಏರುತ್ತದೆ ಎಂದು ಈಗ ನಿಧಾನವಾಗಿ ಬಿಡಿಸಿ ಹೇಳಿದ. ಕೊನೆಗೆ, "ಮೊದಲ ಬರಬೇಕಿತ್ತು ನೀವು," ಎಂದ. ಮಾಬೂಬಿ ಗೋಡೆಯ ಕಡೆ ಮುಖ ತಿರುಗಿಸಿದಳು. 'ನೀವು' ಎಂದು ಕರೆಸಿಕೊಳ್ಳಲು ಇಷ್ಟು ನೀರು ಸುರಿಯಬೇಕಾಯಿತೇ ಎನಿಸಿತು.

ಮರುದಿನ ಮತ್ತೆ ಆಪರೇಷನ್ ಮಾಡಿ ಪೊರೆ ಮುಚ್ಚಿದರು. ವಾರ ಕಳೆಯುವುದರೊಳಗೆ ಅವಳು ಎದ್ದು ಕುಳಿತು ಚಹಾ ಕುಡಿದಳು. ತಲೆ ಹಗುರಾಗಿತ್ತು. ಕಾಶೀಂಸಾಬ ಮಂಚದ ಬದಿ ನಿಂತು, "ನಂದು ತಪ್ಪಾತು," ಎಂದ. "ಆತು," ಎಂದಳು ಅವಳು, ಅಷ್ಟೆ.

ಬುಟ್ಟಿ ಹೊರುವುದು ಅಲ್ಲಿಗೆ ನಿಂತಿತು. ಮನೆಯ ಪಡಸಾಲೆಯಲ್ಲೇ ಬಳೆ ಹರವಿದಳು, ಹೆಂಗಸರೇ ಹುಡುಕಿಕೊಂಡು ಬಂದರು. ಮಳೆಗಾಲ ಮುಗಿಯುವ ಹೊತ್ತಿಗೆ ದವಾಖಾನೆಯಿಂದ ಫೋನ್ ಬಂತು, ತಪಾಸಣೆಗೆ ಬರಬೇಕಂತೆ. ಅವಳು ಫೋನನ್ನು ಸೊಸೆಯಿಂದ ಇಸಿದುಕೊಂಡಳು.

"ಚಲೋ ಅದೀನಿ ಅಂತ ಸಾಹೇಬ್ರಿಗೆ ಹೇಳ್ರಿ. ನಂಬಿಕಿ ಬರಲಿಲ್ಲಂದ್ರ ಅವರ ಇಲ್ಲಿಗೆ ಬಂದು ನೋಡ್ಲಿ."

ಫೋನ್ ಇಟ್ಟು, ಎದುರಿಗೆ ಕಾದು ಕುಳಿತವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.